ಆಲದ ಮರವನ್ನು ಅಳೆಯುವ ಬಗೆ

ನಮ್ಮ ನಾಡಿನ ಹೆಮ್ಮರಗಳನ್ನು ಪಟ್ಟಿ ಮಾಡಲು ಹೊರಟವರಿಗೆ ಮೊದಲ ತೊಡಕು ‘ನಮ್ಮ’ ಎಂಬ ಮಾತಿನಲ್ಲೇ ಎದುರಾಗುತ್ತದೆ. ಸವಣೂರಿನ ಜನ ದೊಡ್ಡ ಹುಣಸೆ ಎಂದು ಕರೆಯುವ ಭಾರಿ ಕಾಂಡದ ಮರಗಳು ಆಫ್ರಿಕಾ ಮೂಲದ ಬಾವೋಬಾಬ್. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಆದರೆ ಹುಣಸೆಯೂ ಬಹು ಹಿಂದೆಯೇ ಆಫ್ರಿಕಾದಿಂದ ಬಂದು ಇಲ್ಲಿ ನೆಲೆಯೂರಿದ ಮರ. ಈ ನೆಲದ್ದೇ ಆದ ಹೆಮ್ಮರವೆಂದರೆ ಆಲ. ಅದರ ದೊಡ್ಡತನವನ್ನು ಹೇಗೆ ಅಳೆಯಬೇಕು ಎಂಬುದೇ ಈ ಟಿಪ್ಪಣಿಯ ವಿಷಯ.

ವಾಡಿಕೆಯಲ್ಲಿ ಮೊದಲು ಹೇಳುವುದು ವಯಸ್ಸನ್ನು. ಬೆಂಗಳೂರಿನ ಪಶ್ಚಿಮಕ್ಕೆ, ರಾಮೋಹಳ್ಳಿ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ ಎನ್ನುತ್ತಾರೆ. ಆಂಧ್ರದ ಕದಿರಿ ಸಮೀಪದ ತಿಮ್ಮಮ್ಮ ಮರ್ರಿಮಾನು ಹದಿನೈದನೆಯ ಶತಮಾನದ್ದೆಂಬ ಮಾತಿಗೆ ತಿಮ್ಮಮ್ಮನ ಸಹಗಮನದ ಐತಿಹ್ಯವೇ ಆಧಾರ. ಐತಿಹ್ಯಕ್ಕೆ ತನ್ನದೇ ಬೆಲೆಯಿದೆ. ಆದರೆ ಅದನ್ನು ಮರದಲ್ಲಿ ಪರೀಕ್ಷಿಸಿ ನೋಡುವಂತಿಲ್ಲ. ಆಲದ ಕಾಂಡದಲ್ಲಿ ವರ್ಷಕ್ಕೊಂದರಂತೆ ನಂಬಿ ಎಣಿಸಬಹುದಾದ ಉಂಗುರಗಳು ಮೂಡುವುದಿಲ್ಲ. ಮೇಲಾಗಿ, ಮುದಿ ಆಲದಲ್ಲಿ ಎಷ್ಟೋ ಸಲ ಮೂಲ ಕಾಂಡವೇ ಉಳಿದಿರುವುದಿಲ್ಲ. ಕೇತೋಹಳ್ಳಿಯ ಮರದ ತಾಯಿಕಾಂಡ ರೋಗ ತಗುಲಿ ಹೋಯಿತು. ಹೌರಾ ಸಸ್ಯೋದ್ಯಾನದ ಆಲಕ್ಕೆ 1864 ಮತ್ತು 1867ರ ಚಂಡಮಾರುತಗಳು ಪೆಟ್ಟು ಕೊಟ್ಟವು, ಮುಂದೆ ಶಿಲೀಂಧ್ರ ಹತ್ತಿತು, 1925ರಲ್ಲಿ ಕಾಂಡವನ್ನು ಕಡಿದು ತೆಗೆದರು. ಎರಡೂ ಮರಗಳು ಇಂದಿಗೂ ಜೀವಂತವಾಗಿವೆ.

ಅವುಗಳನ್ನು ಬದುಕಿಸಿದ್ದು ಬಿಳಲು. ಕೊಂಬೆಯಿಂದ ದಾರದಂತೆ ಇಳಿಯುವ ಬಿಳಲು ಮಣ್ಣು ಮುಟ್ಟಿ ಬೇರೂರಿದ ಮೇಲೆ ದಪ್ಪವಾಗಿ ಕಂಬವಾಗುತ್ತದೆ. ಆ ಕಂಬವೇ ಕೊಂಬೆಯನ್ನು ಹೊತ್ತು, ಅದಕ್ಕೆ ನೀರುಣಿಸುತ್ತದೆ. ಆಸರೆ ಸಿಕ್ಕ ಕೊಂಬೆ ಇನ್ನಷ್ಟು ದೂರ ಚಾಚಿ ಹೊಸ ಬಿಳಲು ಇಳಿಬಿಡುತ್ತದೆ. ತಿಮ್ಮಮ್ಮ ಮರ್ರಿಮಾನಿನ ಹರಹು 19,107 ಚದರ ಮೀಟರ್, ಅಂದರೆ ಸುಮಾರು 4.7 ಎಕರೆ, 1989ರಲ್ಲಿ ಅದು ಗಿನ್ನೆಸ್ ದಾಖಲೆ ಸೇರಿತು. ಕೇತೋಹಳ್ಳಿಯ ಮರದ್ದು ಸುಮಾರು 3 ಎಕರೆ.

ಈ ಕ್ರಮದಲ್ಲಿ ನಾಜೂಕಾದ ಘಟ್ಟ ಒಂದೇ: ಬಿಳಲಿನ ತುದಿ ಮಣ್ಣು ಮುಟ್ಟುವ ಮುಂಚಿನ ದಿನಗಳು. ಆಗ ದನ ಮೇದರೆ, ಮಕ್ಕಳು ಜೋತಾಡಿ ಹರಿದರೆ, ವಾಹನಕ್ಕೆ ಅಡ್ಡವೆಂದು ಕತ್ತರಿಸಿದರೆ, ಬುಡದಲ್ಲಿ ಕಾಂಕ್ರೀಟ್ ಹಾಸಿದರೆ ಅದು ಕಂಬವಾಗುವುದಿಲ್ಲ. ರಸ್ತೆಬದಿಯ ಸಾಲಿನಲ್ಲಿ ಆಲ ಒಂಟಿ ಕಾಂಡದಲ್ಲೇ ನಿಲ್ಲುವುದಕ್ಕೂ ದೇವರ ಹೆಸರಿನ ಬಯಲಲ್ಲಿ ಅದೇ ಜಾತಿಯ ಮರ ತೋಪಾಗುವುದಕ್ಕೂ ಕಾರಣ ಇಲ್ಲಿದೆ. ಕೇತೋಹಳ್ಳಿಯ ಮರದಡಿ ಮುನೇಶ್ವರನಿದ್ದಾನೆ. ಕದಿರಿಯ ಮರದಡಿ ತಿಮ್ಮಮ್ಮನ ಗುಡಿಯಿದೆ. ಆದ್ದರಿಂದ ಆಲದ ಹರಹನ್ನು ಊರಿನ ದಾಖಲೆಯಾಗಿಯೂ ಓದಬೇಕೆಂಬುದು ನನ್ನ ವಾದ. ಉಳಬಹುದಾಗಿದ್ದ ಎಷ್ಟು ನೆಲವನ್ನು ಊರು ಎಷ್ಟು ತಲೆಮಾರುಗಳ ಕಾಲ ಮರಕ್ಕೆ ಬಿಟ್ಟುಕೊಟ್ಟಿತು ಎಂಬುದು ಅದರಲ್ಲಿ ಬರೆದಿದೆ.

ಬಿಳಲನ್ನು ಕಾದು ನೆಲ ಮುಟ್ಟಿಸುವ ಆರೈಕೆಯನ್ನು ಕೈಯಾರೆ ಮಾಡುವುದು ಎಷ್ಟು ಕಷ್ಟವೆಂಬುದಕ್ಕೆ ತೆಲಂಗಾಣದ ಮಹಬೂಬ್‌ನಗರದ ಪಿಲ್ಲಲಮರ್ರಿ ಎಂಬ ಆಲ ಸಾಕ್ಷಿ. ಗೆದ್ದಲು ತಿಂದು ಕೊಂಬೆ ಮುರಿದಾಗ, 2018ರಲ್ಲಿ ಅದಕ್ಕೆ ಸಲೈನ್ ಬಾಟಲಿ ಕಟ್ಟಿ ಹನಿಹನಿಯಾಗಿ ಕೀಟನಾಶಕ ಉಣಿಸಿದರು; ಎಳೆಯ ಬಿಳಲುಗಳನ್ನು ಪೈಪಿನೊಳಗೆ ಇಳಿಸಿ ನೆಲಕ್ಕೆ ತಲುಪಿಸಿದರು.

ಹಳ್ಳಿಯ ಹಿರಿಯ ಆಲಗಳನ್ನು ದಾಖಲಿಸುವವರು ಕಾಂಡದ ಸುತ್ತಳತೆ ಬರೆದು ಕೈಬಿಡಬಾರದು. ನೆರಳಿನ ಅಂಚು ಎಲ್ಲಿಯವರೆಗಿದೆ, ಬೇರೂರಿದ ಬಿಳಲು ಎಷ್ಟು, ಇನ್ನೂ ಗಾಳಿಯಲ್ಲಿ ತೂಗುತ್ತಿರುವವು ಎಷ್ಟು, ಬುಡದ ನೆಲ ಗುಂಡುತೋಪೋ ಗೋಮಾಳವೋ ಖಾಸಗಿ ಹೊಲವೋ ಎಂಬ ನಾಲ್ಕನ್ನೂ ಗುರುತಿಸಬೇಕು. ಮೊದಲ ಎರಡು ಮರದ ಇಂದಿನ ಅಳತೆ. ತೂಗುವ ಬಿಳಲು ಮತ್ತು ಅದರ ಕೆಳಗಿನ ನೆಲ ಯಾರದೆಂಬುದು, ಇನ್ನು ನೂರು ವರ್ಷಕ್ಕೆ ಅಲ್ಲಿ ಆಲ ಇರುತ್ತದೆಯೇ ಎಂಬುದನ್ನು ಹೇಳುತ್ತವೆ.