ಜಗಲಿಶಾಲೆಗಳಲ್ಲಿ ಕಲಿಕೆಯ ಕ್ರಮ: ೧೬೨೩ ಮತ್ತು ೧೮೨೩ರ ಎರಡು ಸಾಕ್ಷ್ಯಗಳು

ಬ್ರಿಟಿಷರ ಆಳಿಕೆಯ ಮೊದಲ ದಿನಗಳಲ್ಲಿ ನಮ್ಮ ಗ್ರಾಮಶಾಲೆಗಳ ಸ್ಥಿತಿ ಹೇಗಿತ್ತೆಂಬ ಚರ್ಚೆಯು ಇದುವರೆಗೆ ಬಹುಮಟ್ಟಿಗೆ ಸಂಖ್ಯೆಗಳ ಚರ್ಚೆಯಾಗಿಯೇ ನಡೆದಿದೆ. ಶಾಲೆಗಳೆಷ್ಟಿದ್ದುವು, ಎಷ್ಟು ಮಂದಿ ಮಕ್ಕಳು ಓದುತ್ತಿದ್ದರು, ಆ ಸಂಖ್ಯೆ ಯಾವಾಗ ಕುಗ್ಗಿತು ಎಂಬುವೇ ಅದರ ಮುಖ್ಯ ಪ್ರಶ್ನೆಗಳು. ಆ ಮಕ್ಕಳು ಕಲಿಯುತ್ತಿದ್ದ ಬಗೆ ಯಾವುದು, ಆ ಬಗೆಯಿಂದ ಅವರಿಗೆ ನಿಜವಾಗಿ ಏನು ದಕ್ಕುತ್ತಿತ್ತು ಎಂಬ ಪ್ರಶ್ನೆಗೆ ದೊರೆತ ಗಮನ ಅಲ್ಪ. ಕನ್ನಡನಾಡಿಗೆ ಸಂಬಂಧಿಸಿದ ಎರಡು ಸಾಕ್ಷ್ಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇವೆರಡರ ನಡುವೆ ಸರಿಯಾಗಿ ಇನ್ನೂರು ವರ್ಷಗಳ ಅಂತರವಿದೆ.

ಮೊದಲನೆಯದು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಬರೆಹ. ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಸಂಗಡ ಅವನು ೧೬೨೩ರಲ್ಲಿ ಘಟ್ಟವನ್ನು ಹತ್ತಿ ಬಂದನು. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ಗುರುವು ನಾಲ್ವರಿಗೂ ಒಂದೇ ಪಾಠವನ್ನು ಕೊಟ್ಟಿದ್ದನು. ಒಬ್ಬನು ಪಾಠದ ಒಂದು ಅಂಶವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ಸಣ್ಣ ಮರಳಿನಲ್ಲಿ ಬೆರಳಿನಿಂದ ಅದನ್ನೇ ಬರೆಯುವನು. ಉಳಿದ ಮೂವರೂ ಹಾಗೆಯೇ ಹೇಳಿ ಬರೆಯುವರು. ನೆಲವೆಲ್ಲ ತುಂಬಿದ ಮೇಲೆ ಅಳಿಸಿ ಮತ್ತೆ ಮರಳು ಹರಡುವರು. ಗುರುವು ಅಲ್ಲಿ ಇರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಪ್ರವಾಸಿ ಕೇಳಿದನು. ನಾಲ್ವರೂ ಒಂದೇ ಅಂಶವನ್ನು ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಮಿಕ್ಕವರು ತಿದ್ದುವರು, ಅದಕ್ಕಾಗಿಯೇ ತಾವು ಜೊತೆಯಾಗಿ ಅಭ್ಯಾಸ ಮಾಡುವುದು ಎಂಬ ಅಭಿಪ್ರಾಯದ ಉತ್ತರವನ್ನು ಹುಡುಗರು ಕೊಟ್ಟರು. ಆ ಕ್ರಮವು ಸುಲಭವೂ ಭದ್ರವೂ ಆದುದೆಂದು ಅವನು ಮೆಚ್ಚಿ ಬರೆದಿದ್ದಾನೆ.

ಎರಡನೆಯದು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲನ ವರದಿ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ೧೮೨೨ರ ಜೂನ್ ತಿಂಗಳಲ್ಲಿ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ವಿವರಗಳನ್ನು ತರಿಸಲು ಆಜ್ಞಾಪಿಸಿದನು. ಅನೇಕ ಕಲೆಕ್ಟರರು ಪಟ್ಟಿಗಳನ್ನು ತುಂಬಿ ಕಳುಹಿಸಿ ತೃಪ್ತರಾದರು. ತೆಲುಗು ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ್ದ ಕ್ಯಾಂಬೆಲನು ೧೮೨೩ರ ಆಗಸ್ಟಿನಲ್ಲಿ ಬರೆದ ವರದಿಯಾದರೋ ಶಾಲೆಯ ಒಳಗಿನ ವ್ಯವಹಾರವನ್ನು ಚಿತ್ರಿಸುತ್ತದೆ.

ಅವನ ಲೆಕ್ಕದಂತೆ, ಇಂದಿನ ಅನಂತಪುರ ಪ್ರದೇಶವನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಉಳಿದುವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಮತ್ತು ಇಂಗ್ಲಿಷಿನವು. ಹುಡುಗಿಯರ ಸಂಖ್ಯೆ ಕೇವಲ ೬೦.

ಮಗುವಿಗೆ ಐದು ವರ್ಷ ತುಂಬಿದಾಗ ಅಕ್ಷರಾಭ್ಯಾಸ. ಬೆಳಗ್ಗೆ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಒಂದು ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಅಕ್ಷರಗಳನ್ನು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಬೇಕು. ಅನಂತರ ಓಲೆಗರಿಯ ಮೇಲೆ ಕಬ್ಬಿಣದ ಕಂಠ, ಕಾಗದದ ಮೇಲೆ ಲೆಕ್ಕಣಿಕೆ, ಅಥವಾ ಹಲಗೆ ಇಲ್ಲವೆ ಕಡತದ ಮೇಲೆ ಬಳಪ. ಈ ಜಿಲ್ಲೆಯಲ್ಲಿ ಹಲಗೆ ಮತ್ತು ಕಡತಗಳೇ ಹೆಚ್ಚು ಬಳಕೆಯಲ್ಲಿದ್ದುವು. ಹಲಗೆಗೆ ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿಯುತ್ತಿದ್ದರು. ಕಡತವೆಂದರೆ ಗಂಜಿಯಲ್ಲಿ ಗಡುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳನ್ನು ಲೇಪಿಸಿದ ಬಟ್ಟೆ. ಒದ್ದೆಬಟ್ಟೆಯಿಂದ ಒರೆಸಿದರೆ ಎರಡೂ ಮತ್ತೆ ಬರೆಯಲು ಸಿದ್ಧ.

ಮಕ್ಕಳನ್ನು ತರಗತಿಗಳಾಗಿ ವಿಂಗಡಿಸಿ, ಕೆಳಗಿನ ತರಗತಿಗಳವರನ್ನು ಭಾಗಶಃ ಮುಂದುವರಿದ ವಿದ್ಯಾರ್ಥಿಗಳ ವಶಕ್ಕೆ ಒಪ್ಪಿಸುತ್ತಿದ್ದರು. ಮೇಲಿನವರನ್ನು ಗುರುವೇ ನೋಡಿಕೊಳ್ಳುತ್ತಿದ್ದನು. ಇದರಿಂದ ಹೇಳಿಕೊಡುವ ಹುಡುಗನ ಜ್ಞಾನವೂ ದೃಢವಾಗುತ್ತದೆ, ಇಂಗ್ಲೆಂಡು ಇದನ್ನು ಅನುಸರಿಸಿದುದು ಯೋಗ್ಯವೇ ಆಗಿದೆ ಎಂದು ಕ್ಯಾಂಬೆಲನು ಪ್ರಶಂಸಿಸುತ್ತಾನೆ. ಈ ಪ್ರಶಂಸೆಯನ್ನು ಆಗಾಗ್ಗೆ ಉದ್ಧರಿಸುವುದುಂಟು. ಅದೇ ವರದಿಯ ಆಕ್ಷೇಪಣೆಯನ್ನು ಉದ್ಧರಿಸುವವರು ವಿರಳ. ಪಠ್ಯಗಳೆಲ್ಲ ಪದ್ಯರೂಪದವು, ಅವುಗಳ ಭಾಷೆ ಆಡುಮಾತಿಗಿಂತ ಬೇರೆ. ಅರ್ಥವನ್ನು ಬಿಡಿಸಿ ಹೇಳುವ ಸಾಮರ್ಥ್ಯ ಬಹುಮಂದಿ ಗುರುಗಳಿಗೆ ಇಲ್ಲ. ಆದಕಾರಣ ಹುಡುಗರು ಅಸಂಖ್ಯಾತ ಪದ್ಯಗಳನ್ನು ಗಿಣಿಗಳಂತೆ ಒಪ್ಪಿಸುವರೇ ಹೊರತು ಅರ್ಥವನ್ನು ಅರಿಯರು ಎಂಬುದು ಅವನ ದೂರು.

ಇಂಗ್ಲೆಂಡು ಅನುಸರಿಸಿತೆಂಬ ಮಾತನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಮದರಾಸಿನ ಎಗ್ಮೋರಿನ ಸೈನಿಕ ಅನಾಥಾಲಯದ ಶಾಲೆಯನ್ನು ೧೭೮೯ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನಲ್ಲಿಯೂ ಆ ಪದ್ಧತಿಯನ್ನು ತಂದನು. ಉಪಾಧ್ಯಾಯನು ಅದು ಆಗದ ಕೆಲಸವೆಂದಾಗ, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನಿಗೆ ಅಕ್ಷರದ ತರಗತಿಯನ್ನು ಒಪ್ಪಿಸಿದನು. ಮರಳಿನ ಬರೆವಣಿಗೆಯನ್ನು ಎರವಲು ಪಡೆದುದಾಗಿ ಬೆಲ್ ಒಪ್ಪಿದ್ದಾನೆ. ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ ಯೋಜನೆ ತನ್ನದೇ ಎಂದು ಸಾಧಿಸಿದ್ದಾನೆ. ದೆಲ್ಲಾ ವಾಲ್ಲೆಯ ಬರೆಹದಿಂದ ಆ ಪದ್ಧತಿಗೆ ಹತ್ತಿರವಾದುದೊಂದು ಇಲ್ಲಿ ಬಹು ಹಿಂದೆಯೇ ಇದ್ದುದು ಸ್ಪಷ್ಟವಾಗುತ್ತದೆ. ಬೆಲ್ ಅದನ್ನು ಕಂಡಿದ್ದನೆಂದು ಅದರಿಂದ ಸಿದ್ಧವಾಗುವುದಿಲ್ಲ.

೧೭೯೭ರಲ್ಲಿ ಬೆಲ್ ಲಂಡನ್ನಿನಲ್ಲಿ ತನ್ನ ಪ್ರಯೋಗದ ವಿವರಣೆಯನ್ನು ಪ್ರಕಟಿಸಿದನು. ಜೋಸೆಫ್ ಲ್ಯಾಂಕಾಸ್ಟರನ ಶಾಲೆಗಳೂ ಇಂತಹ ಪದ್ಧತಿಯನ್ನೇ ಹಬ್ಬಿಸಿದುವು. ಅಲ್ಲಿ ಒಬ್ಬ ಉಪಾಧ್ಯಾಯನಿಗೆ ನೂರಾರು ಮಕ್ಕಳು. ಅವರ ನಡುವೆ ಮಾನಿಟರುಗಳ ಸಾಲು. ಬಳ್ಳಾರಿಯಲ್ಲಿ ಹನ್ನೆರಡು ಮಕ್ಕಳ ಗುಂಪಿನೊಳಗೆ ನಡೆಯುತ್ತಿದ್ದುದು ಇಂಗ್ಲೆಂಡಿನಲ್ಲಿ ವೆಚ್ಚವನ್ನು ತಗ್ಗಿಸುವ ಸಾಧನವಾಯಿತು. ತಾನು ಬಾಯಿಪಾಠ ಮಾಡಿದುದನ್ನು ಮತ್ತೊಬ್ಬರಿಗೆ ಬಾಯಿಪಾಠ ಮಾಡಿಸುವುದೇ ಮಾನಿಟರನ ಕೆಲಸವಾಯಿತು. ೧೮೪೬ರಲ್ಲಿ ತರಬೇತಿಗೊಳ್ಳುವ ಕಿರಿಯ ಉಪಾಧ್ಯಾಯರ ಏರ್ಪಾಡು ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು.

ಈ ವರದಿಗಳು ಮತ್ತೆ ಪ್ರಾಮುಖ್ಯ ಪಡೆದುದು ೧೯೩೧ರ ಅಕ್ಟೋಬರ್ ೨೦ರಂದು ಗಾಂಧೀಜಿಯವರು ಲಂಡನ್ನಿನಲ್ಲಿ ಮಾಡಿದ ಭಾಷಣದ ತರುವಾಯ. ಐವತ್ತು ಅಥವಾ ನೂರು ವರ್ಷಗಳ ಹಿಂದಿಗಿಂತ ಭಾರತದಲ್ಲಿ ಅನಕ್ಷರತೆ ಹೆಚ್ಚಿದೆಯೆಂದು ಅವರು ಹೇಳಿದುದನ್ನು ಸರ್ ಫಿಲಿಪ್ ಹಾರ್ಟಾಗ್ ಪ್ರತಿಭಟಿಸಿದರು. ೧೯೮೩ರಲ್ಲಿ ಧರ್ಮಪಾಲರು ಮದರಾಸಿನ ವರದಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಆ ಚರ್ಚೆಯ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಶಾಲೆಗಳ ಕ್ಷೀಣತೆಗೆ ಕ್ಯಾಂಬೆಲನೇ ಜನರ ಬಡತನವನ್ನೂ ನೇಯ್ಗೆಯ ಉದ್ಯೋಗದ ಇಳಿಮುಖವನ್ನೂ ಕಾರಣವಾಗಿ ಹೇಳಿ, ಒಂದು ಶಾಲೆಗೂ ಸರ್ಕಾರದ ನೆರವಿಲ್ಲದುದಕ್ಕೆ ನಾಚಿಕೆಪಟ್ಟಿದ್ದಾನೆ. ಆದರೆ ಕಲಿಕೆಯ ಕ್ರಮವನ್ನು ಕುರಿತು ಅವನು ಬರೆದುದು ಈ ವಾದಪ್ರತಿವಾದಗಳ ಮರೆಗೆ ಸರಿಯಿತು.

ಆ ಭಾಗವನ್ನು ತೂಗಿ ನೋಡಲು ಇಂದು ನಮಗೆ ಮನಶ್ಶಾಸ್ತ್ರದ ಸಹಾಯವಿದೆ. ಇತರರಿಗೆ ಕಲಿಸಬೇಕೆಂಬ ಉದ್ದೇಶದಿಂದ ಓದಿದವರು, ಪರೀಕ್ಷೆಗೆಂದು ಓದಿದವರಿಗಿಂತ ಚೆನ್ನಾಗಿ ಕಲಿತರೆಂದು ೧೯೮೦ರಲ್ಲಿ ಬಾರ್ಗ್ ಮತ್ತು ಶುಲ್ ತೋರಿಸಿದರು. ೧೯೮೨ರಲ್ಲಿ ಕೋಹೆನ್ ಮತ್ತು ಕುಲಿಕ್ ದಂಪತಿಗಳು ೬೫ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಹೇಳಿಸಿಕೊಂಡವರಂತೆ ಹೇಳಿಕೊಟ್ಟ ವಿದ್ಯಾರ್ಥಿಗಳಿಗೂ ಪ್ರಯೋಜನವಾದುದು ಕಂಡುಬಂದಿತು. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ, ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನೆದು ಹೇಳುವುದು ಒಂದು ವಾರದ ಮೇಲೂ ಉಳಿಯುವ ಕಲಿಕೆಯನ್ನು ಕೊಡುತ್ತದೆಂದು ತೋರಿಸಿದರು. ಪುಸ್ತಕವಿಲ್ಲದೆ, ಮರಳಿನ ಮೇಲೆ ಬರೆದು ಅಳಿಸಿ ಪುನಃ ಬರೆಯುತ್ತಿದ್ದ ಆ ನಾಲ್ವರು ಹುಡುಗರ ಅಭ್ಯಾಸವು ಇದಕ್ಕೆ ದೂರವಾದುದಲ್ಲ.

೨೦೦೭ರಲ್ಲಿ ರಾಸ್ಕೋ ಮತ್ತು ಚೀ ಮಾಡಿದ ಸಮೀಕ್ಷೆಯು ಇನ್ನೊಂದು ಭೇದವನ್ನು ಎತ್ತಿ ತೋರಿಸಿತು. ತಿಳಿದುದನ್ನು ಹಾಗೆಯೇ ಒಪ್ಪಿಸುವ ಬೋಧಕ ವಿದ್ಯಾರ್ಥಿಗೆ ಲಾಭ ಅಲ್ಪ. ಕಾರಣವನ್ನು ವಿವರಿಸುತ್ತ, ತನ್ನ ತಿಳಿವಳಿಕೆಯನ್ನು ತಾನೇ ಪರೀಕ್ಷಿಸಿಕೊಳ್ಳುವವನಿಗೆ ಲಾಭ ಅಧಿಕ. ಕ್ಯಾಂಬೆಲನ ಮೆಚ್ಚಿಕೆಗೂ ಅವನ ದೂರಿಗೂ ಇರುವ ಸಂಬಂಧ ಇಲ್ಲಿ ಗೋಚರವಾಗುತ್ತದೆ. ಲೆಕ್ಕದಲ್ಲಿ ಜೊತೆಗಾರನ ತಪ್ಪನ್ನು ಹಿಡಿಯಬೇಕಾದರೆ ತಾನು ಲೆಕ್ಕವನ್ನು ಅರಿತಿರಬೇಕು. ಅರ್ಥವಾಗದ ಪದ್ಯದಲ್ಲಿ ತಿದ್ದಲು ಸಾಧ್ಯವಿದ್ದುದು ಅಕ್ಷರವನ್ನು ಮಾತ್ರ. ಕ್ರಮವು ಒಂದೇ, ಒಂದೆಡೆ ಅದು ವಿದ್ಯೆಯನ್ನು ಬೆಳೆಸಿತು, ಮತ್ತೊಂದೆಡೆ ಬಾಯಿಪಾಠವನ್ನು.

ಈ ನಿರ್ಣಯಕ್ಕೆ ಮಿತಿಗಳಿವೆ. ದೆಲ್ಲಾ ವಾಲ್ಲೆ ಕಂಡುದು ನಾಲ್ವರನ್ನು, ಒಂದು ಜಗಲಿಯಲ್ಲಿ. ಕ್ಯಾಂಬೆಲನು ಅಧಿಕಾರಿ, ಇಂಗ್ಲೆಂಡಿನ ಶಾಲೆಗಳ ಹೋಲಿಕೆ ಅವನ ಮನಸ್ಸಿನಲ್ಲಿತ್ತು. ನಡುವಣ ಇನ್ನೂರು ವರ್ಷ ನಾಡಿನ ಶಾಲೆಗಳೆಲ್ಲ ಒಂದೇ ರೀತಿಯಲ್ಲಿದ್ದುವೆಂದು ನಾವು ಹೇಳಲಾರೆವು. ಅಲ್ಲದೆ, ೬,೬೪೧ ಮಕ್ಕಳಲ್ಲಿ ಹುಡುಗಿಯರು ೬೦ ಮಂದಿಯೆಂಬುದನ್ನು ಮರೆತು ಆ ಶಾಲೆಗಳನ್ನು ಆದರ್ಶವೆನ್ನುವುದು ಇತಿಹಾಸಕಾರನಿಗೆ ತಕ್ಕುದಲ್ಲ.

ಇತಿಹಾಸವನ್ನು ಬೋಧಿಸುವ ನಮಗೆ ಈ ಸಾಕ್ಷ್ಯಗಳು ಬೇರೊಂದು ಕಾರಣದಿಂದಲೂ ಮುಖ್ಯವಾದುವು. ನಾವು ಟಿಪ್ಪಣಿಗಳನ್ನು ಬರೆಸುತ್ತೇವೆ. ವಿದ್ಯಾರ್ಥಿಗಳು ಅವನ್ನು ಉತ್ತರಪತ್ರಿಕೆಯಲ್ಲಿ ನಮಗೆ ಹಿಂದಿರುಗಿಸುತ್ತಾರೆ. ಮನ್ರೋವಿನ ವಿಚಾರಣೆಯ ಕಾರಣಗಳನ್ನು ಒಬ್ಬ ವಿದ್ಯಾರ್ಥಿ ಮತ್ತೊಬ್ಬನಿಗೆ ತನ್ನ ಮಾತಿನಲ್ಲಿ ಹೇಳಿ, ಕೇಳಿದವನು ಅದನ್ನು ಪ್ರಶ್ನಿಸಿ ತಿದ್ದುವಂತಹ ಅವಕಾಶ ನಮ್ಮ ತರಗತಿಗಳಲ್ಲಿ ವಿರಳ. ಕ್ಯಾಂಬೆಲನ ದೂರು ನಮ್ಮ ತರಗತಿಗಳಿಗೂ ಅನ್ವಯಿಸುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೆ ಪರಿಹಾರವನ್ನು ಘಟ್ಟದ ಜಗಲಿಯ ಹುಡುಗರು ೧೬೨೩ರಲ್ಲಿಯೇ ಒಬ್ಬ ಪ್ರವಾಸಿಗೆ ಹೇಳಿದ್ದರು.