ತಾಳಗುಪ್ಪದ ಗಡಿಯೂ ನೆರೆಯ ಸ್ಥಳೀಯ ಸಂಸ್ಥೆಗಳೂ

ಶಿವಮೊಗ್ಗೆಯಿಂದ ಸಾಗರದ ಮಾರ್ಗವಾಗಿ ಪಶ್ಚಿಮಾಭಿಮುಖವಾಗಿ ಹೋಗುವ ರೈಲುದಾರಿಯು ತಾಳಗುಪ್ಪದಲ್ಲಿ ಕೊನೆಗಾಣುತ್ತದೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಯವರೆಗೆ ಬಂದಿದ್ದ ಈ ದಾರಿಯು 1940ರ ವೇಳೆಗೆ ತಾಳಗುಪ್ಪವನ್ನು ಮುಟ್ಟಿ ಅಲ್ಲಿಯೇ ನಿಂತಿತು. ಅಲ್ಲಿಂದ ಕೆಲವೇ ಮೈಲಿಗಳಾಚೆಗೆ ಮೈಸೂರು ಸಂಸ್ಥಾನದ ಸರಹದ್ದು ಮುಗಿದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ ಸಿದ್ದಾಪುರದ ಸೀಮೆಯು ಮೊದಲಾಗುತ್ತಿದ್ದಿತು. ಎರಡು ಕಡೆಯೂ ಅದೇ ಭಾಷೆ, ಅದೇ ಅಡಕೆಯ ತೋಟ, ಅದೇ ಸೊಪ್ಪಿನ ಬೆಟ್ಟ, ಅದೇ ಮಳೆ. ಆಳಿಕೆ ಮಾತ್ರ ಬೇರೆ. ಇಂತಹ ಸೀಮೆಯಲ್ಲಿ ಎಲ್ಲೆಯನ್ನು ಲೆಕ್ಕಿಸದ ಕಷ್ಟವೊಂದು ಒದಗಿದಾಗ ನೆರೆಹೊರೆಯ ಸ್ಥಳೀಯ ಸಂಸ್ಥೆಗಳು ಹೇಗೆ ನಡೆದುಕೊಂಡವು, ಅವುಗಳಿಗೆ ನಡೆದುಕೊಳ್ಳಲು ಏನು ಅವಕಾಶವಿದ್ದಿತು ಎಂಬುದು ವಿಚಾರಾರ್ಹವಾದ ವಿಷಯ.

ಈ ಗಡಿಯು ಬಹಳ ಪ್ರಾಚೀನವಾದುದಲ್ಲ. ಕೆಳದಿ ಇಕ್ಕೇರಿಗಳ ಅರಸರು ಘಟ್ಟದ ಮೇಲಣ ಮಲೆನಾಡನ್ನೂ ಘಟ್ಟದ ಕೆಳಗಣ ಕರಾವಳಿಯನ್ನೂ ಕೂಡಿಸಿ ಆಳಿದವರು. ಅವರ ಎರಡು ಮೊದಲ ರಾಜಧಾನಿಗಳೂ ಸಾಗರದ ಆಸುಪಾಸಿನಲ್ಲಿಯೇ ಇವೆ. 1763ರಲ್ಲಿ ಬಿದನೂರು ಹೈದರನ ವಶವಾಯಿತು. 1799ರಲ್ಲಿ ಟಿಪ್ಪುವು ಮಡಿದ ತರುವಾಯ ನಡೆದ ಹಂಚಿಕೆಯಲ್ಲಿ ಕನ್ನಡ ಜಿಲ್ಲೆಯು ಇಂಗ್ಲಿಷರ ಪಾಲಿಗೂ ನಗರ ಸೀಮೆಯು ಮೈಸೂರಿನ ಪಾಲಿಗೂ ಬಂದವು. ಮೊದಲು ಮದರಾಸಿಗೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಬೊಂಬಾಯಿಗೆ ಸೇರಿಸಿದರು. ಹೀಗೆ ಒಂದೇ ಅರಸೊತ್ತಿಗೆಯ ಅಂಗಗಳಾಗಿದ್ದ ಊರುಗಳು ಒಂದಕ್ಕೊಂದು ಪರರಾಜ್ಯದವುಗಳಾದವು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರ ಸೀಮೆಗಳನ್ನು ಹಾಯ್ದು ಹೊನ್ನಾವರದಲ್ಲಿ ಕಡಲನ್ನು ಕೂಡುವ ಶರಾವತಿಯು ಮಾತ್ರ ಮೊದಲಿನಂತೆಯೇ ಹರಿಯುತ್ತಿದ್ದಿತು.

ಜೋಗದಲ್ಲಿ ಈ ಇಬ್ಭಾಗವು ಕಣ್ಣಿಗೆ ಕಾಣುವಂತಿದ್ದಿತು. ಜಲಪಾತದ ಒಂದು ದಡದಲ್ಲಿ ಮೈಸೂರಿನ ಬಂಗಲೆ, ಎದುರು ದಡದಲ್ಲಿ ಬೊಂಬಾಯಿಯ ಬಂಗಲೆ. ಒಂದೇ ನೀರನ್ನು ಎರಡು ಸರ್ಕಾರಗಳು ಎರಡು ಜಗಲಿಗಳಿಂದ ನೋಡುತ್ತಿದ್ದವು. 1939ರಲ್ಲಿ ಮೊದಲಾಗಿ 1948ರಲ್ಲಿ ವಿದ್ಯುತ್ತನ್ನು ಕೊಡಲಾರಂಭಿಸಿದ ಜೋಗದ ಯೋಜನೆಯು ಸರ್ಕಾರಗಳ ಮಟ್ಟದಲ್ಲಿ ನಡೆದ ವ್ಯವಹಾರ. ಮೈಸೂರಿನ ಕಡೆ 1926ರ ಶಾಸನಗಳಂತೆ ಜಿಲ್ಲಾ ಬೋರ್ಡೂ ಗ್ರಾಮ ಪಂಚಾಯಿತಿಗಳೂ, ಬೊಂಬಾಯಿಯ ಕಡೆ 1884ರಿಂದ ಬೆಳೆದುಬಂದ ಲೋಕಲ್ ಬೋರ್ಡುಗಳೂ ಇದ್ದರೂ, ಅವುಗಳ ದೃಷ್ಟಿಯು ತಮ್ಮ ತಮ್ಮ ರಸ್ತೆ, ಬಾವಿ, ಸಂತೆ, ಛತ್ರಗಳನ್ನು ಮೀರಿ ಹೋಗುವಂತಿರಲಿಲ್ಲ. ಇದು ಅವುಗಳ ದೋಷವೆಂದು ಹೇಳುವುದು ಯುಕ್ತವಲ್ಲ. ಮೇರೆಯನ್ನು ಗೆರೆಯೆಳೆದು ಕೊಟ್ಟವರು ಮೇಲಿನವರು.

1956ರ ನವೆಂಬರ್ 1ರಂದು ಉತ್ತರ ಕನ್ನಡವು ಮೈಸೂರು ರಾಜ್ಯವನ್ನು ಸೇರಿ ರಾಜ್ಯದ ಗಡಿಯು ಅಳಿಯಿತು. ಆದರೆ ಶಾಸನದ ಗಡಿಯು ಅಳಿಯಲಿಲ್ಲ. ಸಾಗರದ ಪಂಚಾಯಿತಿಗಳು 1952ರ ಮೈಸೂರು ಶಾಸನಕ್ಕೂ, ಸಿದ್ದಾಪುರದವು ಬೊಂಬಾಯಿಯ ಹಳೆಯ ಶಾಸನಗಳಿಗೂ ಒಳಪಟ್ಟು ನಡೆಯುತ್ತಿದ್ದವು. ಎಲ್ಲ ಭಾಗಗಳಿಗೂ ಸಮನಾದ ಪಂಚಾಯಿತಿ ಶಾಸನವು ಬಂದುದು 1959ರಲ್ಲಿ. ಈ ನಡುಗಾಲದಲ್ಲಿಯೇ, 1957ರ ಮೊದಲ ತಿಂಗಳುಗಳಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು.

ಆ ಕಾಡಿನ ಸುತ್ತಣ ಹಳ್ಳಿಗಳವರು ಘೋರವಾದ ಜ್ವರ, ತಲೆನೋವು, ಮೈನೋವುಗಳಿಂದ ಮಲಗಿದರು; ಕೆಲವರಿಗೆ ರಕ್ತಸ್ರಾವವಾಯಿತು. ಮಂಗಗಳು ಸತ್ತುದನ್ನು ಕೇಳಿ ವಿಜ್ಞಾನಿಗಳು ಮೊದಲು ಆಫ್ರಿಕ ಮತ್ತು ಅಮೆರಿಕ ಖಂಡಗಳ ಹಳದಿ ಜ್ವರವು ಭಾರತಕ್ಕೆ ಕಾಲಿಟ್ಟಿತೋ ಎಂದು ಶಂಕಿಸಿದರು. 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ, ಟಿ. ರಾಮಚಂದ್ರರಾವ್ ಮೊದಲಾದವರು ಪರಿಶೋಧಿಸಿ, ಇದು ಹಳದಿ ಜ್ವರವಲ್ಲವೆಂದೂ, ರಷ್ಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿನ ಹತ್ತಿರದ ಬಂಧುವೆಂದೂ ಕಂಡುಹಿಡಿದರು. ಕಾಡಿನ ಹೆಸರೇ ರೋಗಕ್ಕೆ ಶಾಸ್ತ್ರೀಯವಾದ ಹೆಸರಾಯಿತು. ಜನರು ಇಟ್ಟ ಹೆಸರು ಮಂಗನ ಕಾಯಿಲೆ. ಮಂಗವು ಈ ರೋಗದ ಕರ್ತೃವಲ್ಲ, ಮನುಷ್ಯನಂತೆ ಬಲಿಪಶು ಎಂಬುದನ್ನು ನೆನೆದರೆ ಹೆಸರು ನ್ಯಾಯವಾದುದಲ್ಲ. ಆದರೂ ಮುಸುವ ಅಥವಾ ಮಂಗದ ಹೆಣವು ಹಳ್ಳಿಯವರಿಗೆ ಮೊದಲ ಎಚ್ಚರಿಕೆಯಾದುದರಿಂದ ಅದು ಉಪಯುಕ್ತವಾದ ಹೆಸರೆಂಬುದರಲ್ಲಿ ಸಂದೇಹವಿಲ್ಲ.

ರೋಗದ ಗತಿಯನ್ನು ತಿಳಿದಲ್ಲದೆ ಆಡಳಿತದ ತೊಡಕು ತಿಳಿಯದು. ಮಳೆಗಾಲ ಕಳೆದು ದರಗು ಉದುರುವ ಕಾಲಕ್ಕೆ ಉಣುಗಿನ ಮರಿಗಳು ನೆಲದಲ್ಲಿ ಹೆಚ್ಚುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗದ ಕಾಲ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ತರಲು ಜನರು ಕಾಡನ್ನು ಹೊಗುವುದೂ ಆಗಲೇ. ಕಾಡಿನಲ್ಲಿ ಮೇಯುವ ದನಗಳು ಬಲಿತ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂತಾನವನ್ನು ಬೆಳೆಸುತ್ತವೆ. ರೋಗವು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ, ಕಾಡಿನಿಂದಲೇ ಬರಬೇಕು. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವರೆಂದು ಸಾಮಾನ್ಯವಾದ ಗಣನೆ. ಆದಕಾರಣ ಸತ್ತ ಮಂಗದ ಸುದ್ದಿಯನ್ನು ತರಬೇಕಾದವರು ಹಳ್ಳಿಯವರೂ ಪಂಚಾಯಿತಿಯೂ. ಹೆಣವಿರುವ ನೆಲವು ಅರಣ್ಯ ಇಲಾಖೆಯದು. ಅದನ್ನು ಪರೀಕ್ಷಿಸಬೇಕಾದವರು ಪಶುವೈದ್ಯರು. ರೋಗಿಯನ್ನು ನೋಡಬೇಕಾದವರು ಆರೋಗ್ಯ ಇಲಾಖೆಯವರು. ಒಂದು ಹೆಣಕ್ಕೆ ನಾಲ್ಕು ಬಾಗಿಲು. ಹೆಣ ಬಿದ್ದ ಸ್ಥಳವು ತಾಲ್ಲೂಕಿನ ಎಲ್ಲೆಯಲ್ಲಿದ್ದರೆ ಬಾಗಿಲುಗಳು ಎಂಟಾಗುತ್ತವೆ.

ಮೊದಲ ಹದಿನೈದು ವರ್ಷಗಳಷ್ಟು ಕಾಲ ರೋಗವು ಬಹುಮಟ್ಟಿಗೆ ಸೊರಬ, ಸಾಗರ ಮೊದಲಾದ ತಾಲ್ಲೂಕುಗಳಲ್ಲಿಯೇ ಇದ್ದಿತು. 1970ರ ದಶಕದಲ್ಲಿ ಉತ್ತರ ಕನ್ನಡದಲ್ಲಿ ಕಾಣಿಸಿಕೊಂಡಿತು. 1983ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಸಾವಿರಕ್ಕೂ ಮಿಕ್ಕಿದ ಜನರನ್ನು ಹಿಡಿಯಿತು. ಆಮೇಲೆ ಬಂಡೀಪುರ, ವಯನಾಡು, ಗೋವೆಯ ಸತ್ತರಿಗಳವರೆಗೂ ಹೋಯಿತು.

ಇದಕ್ಕೆ ಎದುರಾಗಿ ನಿಂತ ಸಹಕಾರವು ಎಂತಹುದು? ಬೋರ್ಡುಗಳು ಕೂಡಿ ಮಾಡಿದುದಕ್ಕಿಂತ ಹೆಚ್ಚಾಗಿ ಪ್ರಯೋಗಶಾಲೆಗಳು ಕೂಡಿಸಿದುದೆಂದೇ ಹೇಳಬೇಕಾಗುತ್ತದೆ. ಪುಣೆಯ ಕೇಂದ್ರವು ಸಾಗರದಲ್ಲಿ ಕ್ಷೇತ್ರನಿಲಯವನ್ನಿಟ್ಟು ಕಾಡು ಕಾಡು ತಿರುಗಿ ಉಣುಗುಗಳನ್ನು ಸಂಗ್ರಹಿಸಿತು. ಶಿವಮೊಗ್ಗೆಯ ಪ್ರಯೋಗಶಾಲೆಯಲ್ಲಿ ಪರೀಕ್ಷೆಗಳಾದವು. ಮಂಗ ಸತ್ತೆಡೆಯ ಸುತ್ತ ಮೆಲಾಥಿಯಾನ್ ಪುಡಿ ಚೆಲ್ಲುವುದು, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಹಂಚುವುದು, ಲಸಿಕೆ ಹಾಕುವುದು, ಇವೇ ಉಪಾಯಗಳು. ಇವುಗಳಲ್ಲಿ ಯಾವುದೂ ಹಳ್ಳಿಯ ನೆರವಿಲ್ಲದೆ ನಡೆಯುವಂತಹುದಲ್ಲ. ಲಸಿಕೆಯನ್ನು ಒಮ್ಮೆ ಹಾಕಿಸಿಕೊಂಡರೆ ಸಾಲದು, ಹಲವು ಸಲ ಹಾಕಿಸಿಕೊಳ್ಳಬೇಕಾಗಿದ್ದಿತು. ನೋವಿಗೆ ಅಂಜಿ ಎರಡನೆಯ ಸಲ ಬಾರದವರನ್ನು ಮನೆಮನೆಗೆ ಹೋಗಿ ಕರೆತರಬೇಕಾದ ಕೆಲಸವು ಯಾವ ಶಾಸನದಲ್ಲಿಯೂ ಬರೆದಿರುವುದಿಲ್ಲ. ಪರಿಣಾಮವು ಸಾಲದೆಂದು ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು.

ರಾಜಧಾನಿಯ ಇತಿಹಾಸದೊಡನೆ ಇದನ್ನು ಹೋಲಿಸಿ ನೋಡುವುದು ಉಚಿತ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಅಲ್ಲಿಯೂ ಎರಡು ಆಳಿಕೆಗಳಿದ್ದವು. ಪೇಟೆಯ ಮುನಿಸಿಪಾಲಿಟಿಯು ಮೈಸೂರಿನದು, ದಂಡಿನ ಪ್ರದೇಶವು ಇಂಗ್ಲಿಷರ ರೆಸಿಡೆಂಟನ ಅಧೀನ. ಅದಕ್ಕೆ ಸ್ವಲ್ಪ ಮುಂಚೆಯೇ ಹೆಸರಘಟ್ಟದ ನೀರು ಎರಡು ಕಡೆಗೂ ಬರತೊಡಗಿತ್ತು. ಒಂದೇ ನೀರು, ಒಂದೇ ರೋಗ, ಎರಡು ಮುನಿಸಿಪಾಲಿಟಿ ಎಂಬ ಸ್ಥಿತಿಯು 1949ರಲ್ಲಿ ಎರಡೂ ಕೂಡಿ ಒಂದು ಕಾರ್ಪೊರೇಷನ್ ಆಗುವವರೆಗೆ ನಡೆಯಿತು. ಮುಂದೆ 1985ರ ಶಾಸನವು ಬೆಂಗಳೂರು ಮಹಾನಗರ ಪ್ರದೇಶಕ್ಕೆ ಪ್ರಾಧಿಕಾರವೊಂದನ್ನು ಕಲ್ಪಿಸಿತು. 1992ರ ಸಂವಿಧಾನ ತಿದ್ದುಪಡಿಯು ಇನ್ನೂ ಮುಂದುವರಿದು, ಹತ್ತು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯುಳ್ಳ ಮಹಾನಗರ ಪ್ರದೇಶವು ಒಂದಕ್ಕಿಂತ ಹೆಚ್ಚು ಜಿಲ್ಲೆಗಳಲ್ಲಿ ಹರಡಿದ್ದರೂ ಅಲ್ಲಿನ ನಗರಸಭೆ ಪಂಚಾಯಿತಿಗಳಿಗೆಲ್ಲ ಸಾಮಾನ್ಯವಾದ ಯೋಜನಾ ಸಮಿತಿಯೊಂದು ಇರತಕ್ಕದ್ದೆಂದು ವಿಧಿಸಿತು. ನೀರು ಮುಂತಾದ ಪ್ರಕೃತಿಸಂಪತ್ತಿನ ಹಂಚಿಕೆಯು ಆ ಸಮಿತಿಯ ವಿಚಾರಕ್ಕೆ ಸೇರಿದುದು. ಮಲೆನಾಡಿಗೆ ದೊರೆತುದು ಜಿಲ್ಲಾ ಯೋಜನಾ ಸಮಿತಿ. ಅದರ ದೃಷ್ಟಿಯು ಜಿಲ್ಲೆಯ ಗಡಿಯಲ್ಲಿ ನಿಲ್ಲುತ್ತದೆ. ಹಲವು ಜಿಲ್ಲೆಗಳಿಗೆ ಸೇರಿದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯೊಂದು ಶಿವಮೊಗ್ಗೆಯಲ್ಲಿರುವುದಾದರೂ, ರಸ್ತೆ, ಕಾಲುಸಂಕಗಳಂತಹ ಕಾಮಗಾರಿಗಳೇ ಅದರ ಮುಖ್ಯ ಕಾರ್ಯ. ಸಿದ್ದಾಪುರದಲ್ಲಿ ಸತ್ತ ಮಂಗದ ಸುದ್ದಿಯನ್ನು ತಾಳಗುಪ್ಪದ ಪಂಚಾಯಿತಿಗೆ ಮುಟ್ಟಿಸುವ ಕರ್ತವ್ಯವು ಇವುಗಳಲ್ಲಿ ಯಾವುದಕ್ಕೂ ಸೇರಿದುದಲ್ಲ. ಜನಸಂಖ್ಯೆಯು ಒತ್ತಾಗಿರುವಲ್ಲಿ ಗಡಿಯನ್ನು ಮೀರಲು ದಾರಿಯಾಯಿತು, ಕಾಡು ಒತ್ತಾಗಿರುವಲ್ಲಿ ಆಗಲಿಲ್ಲ.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗವು ಮತ್ತೆ ಉಲ್ಬಣಿಸಿತು. ಮುಂದಿನ ತಿಂಗಳುಗಳಲ್ಲಿ ಅಲ್ಲಿ ಹಲವರು ಮಡಿದರು. ತೀರ್ಥಹಳ್ಳಿ, ಹೊಸನಗರಗಳಲ್ಲಿಯೂ ರೋಗಿಗಳು ಕಂಡುಬಂದರು. ಮರುವರ್ಷದ ರೋಗಕಾಲದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಸಾವುಗಳಾದವು. ರೋಗಿಗಳು ಮಾತ್ರ ಜಿಲ್ಲೆಯ ಗಡಿಯನ್ನು ಎಣಿಸಲಿಲ್ಲ. ಬದುಕುವ ಆಸೆಯಿಂದ ಮಣಿಪಾಲದ ಆಸ್ಪತ್ರೆಯವರೆಗೂ ಹೋದರು. ಅದೇ 2019ರಲ್ಲಿ ಶರಾವತಿಯ ನೀರನ್ನು ಲಿಂಗನಮಕ್ಕಿಯ ಜಲಾಶಯದಿಂದ ಬೆಂಗಳೂರಿಗೆ ಒಯ್ಯುವ ಪ್ರಸ್ತಾಪವು ಹೊರಬಿದ್ದಿತು. 1964ರ ಆ ಜಲಾಶಯಕ್ಕಾಗಿ ಮನೆ, ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟುಕೊಟ್ಟ ಸೀಮೆಯವರು ಜುಲೈ 10ರಂದು ಜಿಲ್ಲೆಯ ಅಂಗಡಿಮುಂಗಟ್ಟುಗಳನ್ನು ಮುಚ್ಚಿ ಪ್ರತಿಭಟಿಸಿದರು. ನೂರಾರು ಮೈಲಿ ದೂರದ ಮಹಾನಗರದ ಬಾಯಾರಿಕೆಗೆ ಲಿಂಗನಮಕ್ಕಿಯು ಹತ್ತಿರದ ನೆರೆಯಾಯಿತು. ತಾಳಗುಪ್ಪಕ್ಕೂ ಸಿದ್ದಾಪುರಕ್ಕೂ ಮಾತ್ರ ಒಂದೇ ರೋಗದ ವರದಿಯು ಎರಡು ಜಿಲ್ಲಾ ಕಚೇರಿಗಳನ್ನು ಸುತ್ತಿ ಬರಬೇಕಾಗಿದ್ದಿತು.