ಯಂತ್ರ ಉಳೀತು, ಕಡತದ ಕಥೆ ಏನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತುಹೋಯ್ತು. ಎಷ್ಟೋ ಹಳೇ ಕಂಪ್ಯೂಟರುಗಳಲ್ಲಿ ವಿಂಡೋಸ್ 11 ಓಡೋದೇ ಇಲ್ಲ. ಎಸೀಬೇಕಾ? ಬೇಡ, ಪುಕ್ಕಟೆ ಸಿಗೋ ಲಿನಕ್ಸ್ ಹಾಕ್ಕೊಳ್ಳಿ ಅಂತಾರೆ ತಿಳಿದವರು. ಒಳ್ಳೇ ಮಾತೇ.

ಆದ್ರೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಡಿಟಿಪಿ ಅಂಗಡಿಯವರ ಕಷ್ಟ ಬೇರೆ. ಯಂತ್ರಕ್ಕಿಂತ ಅದರೊಳಗಿನ ಕ್ರಯಪತ್ರ, ವಿಭಾಗಪತ್ರ, ಅರ್ಜಿಗಳು ಮುಖ್ಯ.

ಸ್ವಲ್ಪ ಹಿಂದಕ್ಕೆ ಹೋಗೋಣ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದದ್ದು 1991ರಲ್ಲಿ. ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯೂ ಅದೇ ವರ್ಷದ್ದು. ಅದರಲ್ಲಿ ಕನ್ನಡವೂ ಇತ್ತು! ಆದರೆ ವಿಂಡೋಸ್‌ನಲ್ಲಿ ಕನ್ನಡಕ್ಕೆ ಆ ಭಾಗ್ಯ ಬಂದದ್ದು 2001ರ ಎಕ್ಸ್‌ಪಿ ಜೊತೆಗೆ. ಅಲ್ಲೀತನಕ ಕನ್ನಡಿಗರು ಕೈಕಟ್ಟಿ ಕೂರೋಕಾಗುತ್ತಾ? 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕಚೇರಿಗಳಲ್ಲಿ ಕನ್ನಡ ಕುದುರಿದ್ದು ಇವುಗಳಿಂದ. ಆ ಋಣ ಮರೆಯೋ ಹಾಗಿಲ್ಲ.

ಆಗಿನ ಉಪಾಯ ಏನಂದ್ರೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸೋದು. ಆ ಫಾಂಟ್ ಇದ್ದರೆ ‘ಮಾಲೂರು’ ಅಂತ ಕಾಣುತ್ತೆ. ಇಲ್ಲದಿದ್ದರೆ ತಲೆಬುಡವಿಲ್ಲದ ಇಂಗ್ಲಿಷ್. ಕಂಪ್ಯೂಟರಿನ ಲೆಕ್ಕದಲ್ಲಿ ಆ ಕಡತದೊಳಗೆ ಕನ್ನಡ ಇರಲೇ ಇಲ್ಲ!

ಅದಕ್ಕೇ ಹೇಳೋದು, ಲಿನಕ್ಸ್ ಹಾಕೋ ಮುಂಚೆ ಎಲ್ಲದರ ನಕಲು ತೆಗೆದಿಡಿ. ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕಗಳು ಉಚಿತವಾಗೇ ಸಿಗ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಕ್ರಯಪತ್ರದಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಕಚೇರಿಗೆ ಅಲೆಯೋನು ರೈತ.